ಕಿವಿಯಲ್ಲಿ ಸುಟ್ಟ ಈರುಳ್ಳಿ

ನಾರ್ಮತನ ಕಿವಿಯೊಳಗೆ ಜೀರುಂಡೆಯೊಂದು ಸಂಸಾರ ಹೂಡಿತ್ತು. ಅದನ್ನು ಅಲ್ಲಿಗೆ ಬಿಟ್ಟವರು ಯಾರೆಂದು ಅವನಿಗೆ ಚೆನ್ನಾಗಿ ಗೊತ್ತಿತ್ತು. ಪಕ್ಕದ ಮನೆಯ ಮದುವೆಯ ಬೆಳಗಿನ ಪಲಾವಿಗೆ ಹೋದಾಗ, ಬಾಗಿಲಲ್ಲಿ ನಿಂತಿದ್ದ ಮಿರ್ಜೋಹಿದ್ ಎಂಬ ಹುಡುಗ ಆಳಿಗಿಂತ ಉದ್ದದ ಹಿತ್ತಾಳೆ ಕಹಳೆಯನ್ನು ನೇರ ಇವನ ಕಿವಿಯ ಪಕ್ಕದಲ್ಲೇ ಊದಿದ್ದ; ಅಂದಿನಿಂದ ಒಳಗಿನ ಗುಂಯ್ ಸದ್ದು ನಿಂತಿರಲಿಲ್ಲ. ಸಾಲದ್ದಕ್ಕೆ ಅದೇ ಹುಡುಗನಿಗೆ ನಾರ್ಮತನ ಮಗಳು ಹಿಲೋಲಾಳನ್ನು ಕೇಳಿಕೊಂಡು ಅವನ ಮನೆಯ ಹೆಂಗಸರು ಬಂದರು. ಅವರು ತಂದ ಜೋಡಿ ರೊಟ್ಟಿಯನ್ನು ನಾರ್ಮತ ಮುರಿಯದೆ ಹಾಗೆಯೇ ವಾಪಸು ಕಳಿಸಿದ. ಮುರಿದರೆ ಸಂಬಂಧ ಒಪ್ಪಿದಂತೆ; ಮುರಿಯಲಿಲ್ಲ ಎಂದರೆ, ಹೆಣ್ಣು ಕೊಡುವುದಿಲ್ಲ.

"ಈ ಕಿವಿ ಸುಮ್ನಾಗೋ ತನಕ ಆ ಊದೋನ ಮಾತು ಈ ಮನೇಲಿ ಬೇಡ" ಎಂದು ಅಪ್ಪಣೆಯನ್ನೂ ಹೊರಡಿಸಿದ. (ಅಪ್ಪಣೆ ಹೊರಡಿಸುವುದು ಅವನು, ಜಾರಿಗೆ ತರುವುದೂ ಬಿಡುವುದೂ ಹೆಂಡತಿ ಅಂಜಿರತ್.) ಅಂದಿನಿಂದ ಹಿಲೋಲಾ ಅಪ್ಪನ ಜೊತೆ ಮಾತು ಬಿಟ್ಟಳು.

ನಿಜ ಹೇಳಬೇಕೆಂದರೆ ಹುಡುಗನ ಮೇಲೆ ಅವನಿಗೆ ಅಂಥ ಸಿಟ್ಟೇನೂ ಇರಲಿಲ್ಲ. ಇರುವವಳೊಬ್ಬಳೇ ಮಗಳು. ಅವಳಿಲ್ಲದ ಮನೆಯನ್ನು ನೆನೆಯಲೂ ಅವನಿಗೆ ಆಗುತ್ತಿರಲಿಲ್ಲ. ಇದನ್ನು ಬಾಯಿಬಿಟ್ಟು ಹೇಳಲು ಗಂಡಸುತನ ಅಡ್ಡ ಬಂದು, ಪಾಪ, ಕಿವಿಯನ್ನು ಮುಂದೆ ಮಾಡಿದ್ದ.

ಅಂಜಿರತ್ ಆ ನೆಪದ ಬೇರನ್ನೇ ಕೀಳಲು ಟೊಂಕ ಕಟ್ಟಿದಳು. ಕರಿಜೀರಿಗೆ ಎಣ್ಣೆ ಬಿಟ್ಟಳು. ಬೀಟ್ರೂಟ್ ರಸ ಬಿಟ್ಟಳು. ಬಿಸಿಲಿಗೆ ಹಾಕಿದ ಕೆಂಪು ದಿಂಬನ್ನು ನೋಡಿ ನೆರೆಯವರು ಗಂಡಹೆಂಡಿರ ಜಗಳ ಈ ಮಟ್ಟಕ್ಕೆ ಹೋಯಿತೇ ಎಂದುಕೊಂಡರು. ಇಸಿರಿಕ್ ಸೊಪ್ಪಿನ ಹೊಗೆ ಹಾಕಿದಾಗ ಕೆಮ್ಮು ಬಂತು, ಜೀರುಂಡೆ ಹೋಗಲಿಲ್ಲ.

"ಕಡಿಮೆ ಆಯ್ತೇನ್ರೀ?"

"ಮೊದಲು ಒಂದಿತ್ತು. ಈಗ ನೆಂಟರನ್ನೂ ಕರೆಸ್ಕೊಂಡಿದೆ."

"ರಿಷ್ತಾನದ ಹಕೀಮರಿಗೆ ಹೇಳಿ ಕಳಿಸಿದೀನಿ. ಅವರು ಬರೋ ತನಕ ಅಲ್ಲಾಡದೆ ಕೂತಿರಿ" ಎಂದು ಅವಳು ಎರಡೂ ಕಿವಿಗೆ ಸುಟ್ಟ ಈರುಳ್ಳಿಯ ತಿರುಳಿಟ್ಟು, ಹತ್ತಿ ತುರುಕಿ, ಮೇಲೆ ತನ್ನ ಉಣ್ಣೆ ಶಾಲು ಬಿಗಿದು ದ್ರಾಕ್ಷಿ ಚಪ್ಪರದಡಿ ಕೂರಿಸಿದಳು. ಲೋಕದ ಸದ್ದೆಲ್ಲ ನಿಂತು ಜೀರುಂಡೆಯೊಂದೇ ಉಳಿಯಿತು.

ಮಧ್ಯಾಹ್ನ ಬಿಳಿ ಗಡ್ಡದ ಹಿರಿಯರೊಬ್ಬರು ಗಂಟು ಹಿಡಿದು ಬಂದರು. ಅಂಜಿರತ್ ಏನೋ ಹೇಳಿದಳು. ಹಕೀಮರು ಎಂದು ನಾರ್ಮತ ತಾನೇ ತಿಳಿದುಕೊಂಡ. ಹಿರಿಯರು ಎದೆಯ ಮೇಲೆ ಕೈಯಿಟ್ಟು ಬಹಳ ಹೊತ್ತು ಮಾತಾಡಿದರು. ಪಥ್ಯ ಇರಬೇಕು. ದೊಡ್ಡವರ ಮಾತಿಗೆ ಅಡ್ಡಿ ಬರಬಾರದೆಂದು ಇವನು ಪ್ರತಿಯೊಂದಕ್ಕೂ ತಲೆಯಾಡಿಸಿ "ಆಗಲಿ, ಆಗಲಿ" ಎಂದ. ಕೊನೆಗೆ ಅವರು ಗಂಟು ಬಿಚ್ಚಿ ಕರಿಜೀರಿಗೆ ದಟ್ಟವಾಗಿ ಉದುರಿಸಿದ ಎರಡು ರೊಟ್ಟಿಗಳನ್ನು ಮುಂದೆ ಹಿಡಿದರು. ಕಿವಿಗೆ ಬಿಟ್ಟ ಮದ್ದನ್ನು ಈಗ ಹೊಟ್ಟೆಗೂ ಕೊಡುತ್ತಿದ್ದಾರೆ ಎಂದುಕೊಂಡು ನಾರ್ಮತ ಭಕ್ತಿಯಿಂದ ಎರಡನ್ನೂ ಒಟ್ಟಿಗೆ ಮುರಿದ.

ಹಿರಿಯರು ಅವನನ್ನು ತಬ್ಬಿಕೊಂಡರು. ಅಂಜಿರತ್ ಕಣ್ಣೊರೆಸಿಕೊಂಡಳು. ಮದ್ದು ಇಷ್ಟು ಬೇಗ ಹಿಡಿಯಿತೇ ಎಂದು ಅವನು ಶಾಲು ಬಿಚ್ಚಿ ಹತ್ತಿ ಕಿತ್ತ.

"ನಾನು ಕುಚ್ಕಾರ್, ಮಿರ್ಜೋಹಿದನ ತಂದೆ. ಇನ್ಮೇಲೆ ನಾವು ಬೀಗರು" ಎನ್ನುತ್ತಿದ್ದರು ಹಿರಿಯರು.

ನಾರ್ಮತ ತನಗೆ ಕೇಳಿಸಲೇ ಇಲ್ಲ, ಇದು ಲೆಕ್ಕಕ್ಕಿಲ್ಲ ಎನ್ನಲು ಬಾಯಿ ತೆರೆದ. ಅಷ್ಟರಲ್ಲಿ ಹಿಲೋಲಾ ಟೀ ತಂದು ಮುಂದಿಟ್ಟಳು.

"ತಗೊಳ್ಳಿ ಅಪ್ಪ, ಬಿಸಿ ಇದೆ."

ಎಷ್ಟೋ ದಿನಗಳ ಮೇಲೆ ಅವಳಾಡಿದ ಮಾತು ಜೀರುಂಡೆಯನ್ನು ದಾಟಿ ಒಳಗೆ ಇಳಿಯಿತು. ಅವನು ತೆರೆದ ಬಾಯಿಗೆ ಟೀ ಸುರಿದುಕೊಂಡ.

"ಬೀಗರೇ, ಕಿವಿ ಕಟ್ಕೊಂಡಿದ್ರಿ. ನಾ ಹೇಳಿದ್ದೆಲ್ಲ ಕೇಳಿಸ್ತು ತಾನೆ?" ಎಂದರು ಕುಚ್ಕಾರ್.

"ಕೇಳಿಸದೆ ಏನು?" ಎಂದ ನಾರ್ಮತ ಗತ್ತಿನಿಂದ. "ಒಂದೊಂದು ಮಾತೂ ತೂಗಿ ನೋಡೇ ಮುರಿದದ್ದು."

"ಬದುಕಿದೆ. ನಮ್ಮನೇಲಿ ಗಂಡುಮಕ್ಕಳೇ ತುಂಬಿದಾರೆ, ಜಾಗ ಇಲ್ಲ. ಹುಡುಗ ನಿಮ್ಮಲ್ಲೇ ಇರ್ಲಿ ಅಂದಾಗ ಎಷ್ಟು ದೊಡ್ಡ ಮನಸ್ಸಿಂದ ಆಗಲಿ ಅಂದ್ರಿ. ಬೆಳಿಗ್ಗೆ ಅಂಗಳದಲ್ಲಿ ಕಹಳೆ ಅಭ್ಯಾಸ ಮಾಡ್ತಾನೆ ಅಂದೆ, ಅದಕ್ಕಂತೂ ಎರಡು ಸಲ ತಲೆ ಆಡಿಸಿದ್ರಿ."

ಅಂಜಿರತ್ ತಲೆವಸ್ತ್ರದ ತುದಿಯಲ್ಲಿ ನಗು ಮುಚ್ಚಿಕೊಂಡಳು. ಮಗಳು ಎಲ್ಲಿಗೂ ಹೋಗುವುದಿಲ್ಲ ಎಂಬುದು ನಾರ್ಮತನಿಗೆ ಮೊದಲು ಹೊಳೆಯಿತು. ಎದೆಯ ಮೇಲಿನ ಕಲ್ಲು ಇಳಿದು ಕಣ್ಣು ಮಂಜಾಯಿತು. ಕಹಳೆ ಹೊಳೆದದ್ದು ಆಮೇಲೆ.

"ಬೆಳಿಗ್ಗೆ ಅಂದ್ರೆ... ಎಷ್ಟು ಹೊತ್ತಿಗೆ?"

"ಕೋಳಿಗೆ ಮುಂಚೆ. ನಮ್ಮ ಕಡೆ ಕೋಳಿ ಏಳೋದೇ ಅದರಿಂದ."

ನಾರ್ಮತ ಮಗಳ ಮುಖ ನೋಡಿದ. ಈ ಸಲ ಸರಿಯಾಗಿ ಕೇಳಿಸಿಕೊಂಡೇ "ಆಗಲಿ" ಎಂದ.