ಅಟ್ಟಕ್ಕೆ ಹಾಕಿದ ಚೆಂಡು

ಪುಷ್ಯಮಾಸದ ಈ ಮಧ್ಯಾಹ್ನ, ಬಿಳಿಗೆರೆಯಲ್ಲಿರುವ ಅಕ್ಕನ ತೋಟದ ಮನೆಯ ಜಗಲಿಯಲ್ಲಿ ಕುಳಿತು, ತಿಪಟೂರಿನ ಬಸ್ಸಿಗೆ ಇನ್ನೂ ಎರಡು ಗಂಟೆಯ ಕಾಲವಿರುವುದರಿಂದ, ಇದನ್ನು ಬರೆಯತೊಡಗಿದ್ದೇನೆ. ಆಯುಷ್ಯವೆಲ್ಲ ಹಳಗನ್ನಡ ಪಾಠ ಹೇಳಿದವನಿಗೂ ಗಾಲ್ಫ್ ಎಂಬ ಆಟಕ್ಕೂ ಎತ್ತಣ ನಂಟು ಎಂದು ಕೇಳುವವರಿಗೆ ನನ್ನ ಸಮಾಧಾನ ಇಷ್ಟೆ: ಅಕ್ಕನ ಮನೆಯಲ್ಲಿ ಇಂಥವು ನಡೆಯುತ್ತಲೇ ಇರುತ್ತವೆ, ನಾನು ಸಾಕ್ಷಿ ಮಾತ್ರ.

ಮೇಲೇರಿದ ಹರಳು

ಅಕ್ಕನ ಮೊಮ್ಮಗಳು ಹತ್ತು ವರ್ಷ ತುಂಬುವವರೆಗೆ ಈ ತೋಟದಲ್ಲಿಯೇ ಬೆಳೆದಳು. ಸೈನ್ಯದಲ್ಲಿದ್ದ ಅವಳ ತಂದೆ ಗಡಿಯಿಂದ ಗಡಿಗೆ ವರ್ಗವಾಗುತ್ತಿದ್ದುದೇ ಅದಕ್ಕೆ ಕಾರಣ. ತೆಂಗಿನ ಮರದಿಂದ ಬಲಿಯುವ ಮುನ್ನವೇ ಉದುರುವ ಎಳೆಯ ಕಾಯಿಗಳಿಗೆ ನಮ್ಮಲ್ಲಿ ಹರಳು ಎನ್ನುತ್ತಾರೆ. ಅವನ್ನು ಸಾಲಾಗಿ ಇಟ್ಟು, ತುದಿ ಬಾಗಿದ ಕೋಲಿನಿಂದ ಬೀಸಿ ಹೊಡೆಯುವುದು ಆ ಮಗುವಿನ ನಿತ್ಯವಿಧಿಯಾಗಿತ್ತು. ಒಂದು ಬೆಳಿಗ್ಗೆ, ಕಾಯಿ ಕೆಡವುವಾತ ಮರದ ತುದಿಯಲ್ಲಿದ್ದಾಗ, ಹರಳೊಂದು ಹಾರಿ ಅವನ ಬೆನ್ನಿಗೆ ತಗುಲಿತು. ಕೆಳಗಿಳಿದವನ ಮುಖದಲ್ಲಿ ಕೋಪಕ್ಕಿಂತ ವಿಸ್ಮಯವೇ ಮಿಗಿಲಾಗಿತ್ತು.

“ಮೇಷ್ಟ್ರೇ, ಮೀಸೆ ಬಂದಾಗಿಂದ ಮರ ಹತ್ತಿವ್ನಿ. ಕಾಯಿ ಮ್ಯಾಲಿಂದ ಕೆಳಕ್ಕೆ ಬೀಳೋದ ಕಂಡಿವ್ನಿ. ಕೆಳಗಿಂದ ಮ್ಯಾಲಕ್ಕೆ ಬಂದು ಬಡಿಯೋದು ಇದೇ ಮೊದಲು ಕಣ್ರೀ!”

ಮರುವರ್ಷ ತಂದೆಗೆ ದೊಡ್ಡದೊಂದು ದಂಡಿನ ಊರಿನಲ್ಲಿ ನೆಲೆ ದೊರೆಯಿತು, ಅವನು ಮಗಳನ್ನು ಕರೆದೊಯ್ದನು. ಅಲ್ಲಿ ಗಾಲ್ಫ್ ಮೈದಾನವಿತ್ತು. ಇಲ್ಲಿ ಬಾಗಿಲ ಹಿಂದೆ ಆ ಕೋಲು ಉಳಿಯಿತು. ಅದಕ್ಕೆ ಜೇಡ ಬಲೆ ಕಟ್ಟಿದಾಗಲೆಲ್ಲ ಅಕ್ಕ ಸೆರಗಿನಿಂದ ಒರೆಸಿ, ಇದ್ದಲ್ಲಿಯೇ ಒರಗಿಸಿಡುತ್ತಾಳೆ.

ಸದ್ದಿಲ್ಲದ ಕಾಯಿ

ಕಳೆದ ಯುಗಾದಿಯ ಮರುದಿನ ಮೊಮ್ಮಗಳಿಂದ ಒಂದು ಪುಟ್ಟ ಪೊಟ್ಟಣ ಬಂದಿತು. ಹಲವು ದೇಶಗಳ ಹೆಣ್ಣುಮಕ್ಕಳು ಸಂಬಳಕ್ಕಲ್ಲದೆ ಪ್ರೀತಿಗಾಗಿ ಆಡುವ ಗಾಲ್ಫ್ ತಂಡ ಪಂದ್ಯಾವಳಿಗೆ ನಮ್ಮ ದೇಶದಿಂದ ಆಯ್ಕೆಯಾದ ಮೂವರಲ್ಲಿ ಈ ಹುಡುಗಿಯೂ ಒಬ್ಬಳೆಂಬ ಚೀಟಿ, ಜೊತೆಗೊಂದು ಬಿಳಿಯ ಚೆಂಡು. ಅವಳು ತೋಟಕ್ಕೆ ಕೊನೆಯ ಬಾರಿ ಕಾಲಿಟ್ಟು ಆಗಲೇ ಆರು ವರ್ಷವಾಗಿತ್ತು.

ಅಕ್ಕ ಚೆಂಡನ್ನು ಕಿವಿಯ ಬಳಿ ಹಿಡಿದು ಅಲ್ಲಾಡಿಸಿದಳು. ಈ ಸೀಮೆಯ ಕೈಗೆ ಅದು ಹುಟ್ಟುಗುಣ. ಅಟ್ಟದ ಮೇಲೆ ವರ್ಷಕಾಲ ಒಣಗಿದ ಕಾಯಿಯೊಳಗೆ ಕೊಬ್ಬರಿ ಚಿಪ್ಪನ್ನು ಬಿಟ್ಟು ಗಡಗಡ ಎನ್ನುತ್ತದೆ. ಎನ್ನದಿದ್ದರೆ ಇನ್ನೂ ಹದವಾಗಿಲ್ಲವೆಂದು ತೀರ್ಪು.

“ಸದ್ದೇ ಇಲ್ಲ ಕಣಪ್ಪ. ಇನ್ನೂ ಬಲೀಬೇಕು. ಅಟ್ಟಕ್ಕೆ ಹಾಕು.”

“ಅಕ್ಕಾ, ಇದು ಚೆಂಡು.”

“ಚೆಂಡು ಅಂತ ನಂಗೊತ್ತಿಲ್ವಾ? ಎಲ್ಲಾದಕ್ಕೂ ಕಾಲ ಬರಬೇಕು ಬುಡು.”

ಫೋನಿನಲ್ಲಿ ಈ ಸಂಗತಿ ಕೇಳಿ ಹುಡುಗಿ ನಕ್ಕಳು. ಬಳಿಕ ಮೆಲ್ಲನೆ, “ಅಜ್ಜಿ, ಅಲ್ಲಿ ಒಂದು ದಿನವಾದ್ರೂ ನನ್ನ ಆಟ ತಂಡದ ಲೆಕ್ಕಕ್ಕೆ ಬರಲಿ, ಆಮೇಲೆ ಬರ್ತೀನಿ. ಬರಿಗೈಲಿ ಬರೋಕೆ ನಾಚಿಕೆ,” ಎಂದಳು. “ನಿನ್ನ ಕೈಲಿ ಏನಿದ್ರೆ ನನಗೇನೇ?” ಎಂದು ಅಕ್ಕ ಕೇಳುವಷ್ಟರಲ್ಲಿ ಫೋನು ಕಡಿದುಹೋಗಿತ್ತು.

ಹೆಚ್ಚು ಹೊಡೆದವಳ ಬೆಲ್ಲ

ಭಾದ್ರಪದದಲ್ಲಿ ಪಂದ್ಯಾವಳಿ. ನಾಲ್ಕು ದಿನದ ಆಟ. ದಿನವೂ ಮೂವರು ಆಡಿದರೂ ಉತ್ತಮವಾದ ಇಬ್ಬರ ಲೆಕ್ಕವನ್ನಷ್ಟೇ ಹಿಡಿದು ಮೂರನೆಯದನ್ನು ಕೈಬಿಡುತ್ತಾರೆ. ಮೊದಲ ದಿನ ಸಂಜೆ ನಾನು ಫೋನಿನಲ್ಲಿ ಅಂಕಗಳನ್ನು ಓದಿದೆ: ಎಪ್ಪತ್ತಮೂರು, ಎಪ್ಪತ್ತೈದು, ನಮ್ಮವಳದು ಎಪ್ಪತ್ತೊಂಬತ್ತು. ನಾನು ಕನ್ನಡಕ ತೆಗೆಯುವ ಮೊದಲೇ ಕಾಯಿ ಕೆಡವುವಾತ “ನಮ್ಮ ಮಗೀನೇ ಎಲ್ಲರಿಗಿಂತ ಹೆಚ್ಚು!” ಎಂದು ಕೂಗಿ, ಅಕ್ಕನಿಂದ ಬೆಲ್ಲದ ಅಚ್ಚೊಂದನ್ನು ಪಡೆದು, ತೋಟದ ಕೆಲಸದವರಿಗೆಲ್ಲ ಹಂಚಿಬಂದನು. ಈ ಆಟದಲ್ಲಿ ಕಡಿಮೆ ಹೊಡೆತಕ್ಕೆ ಗುಂಡಿ ಸೇರಿಸಿದವರೇ ಮೇಲೆಂದೂ, ಕೈಬಿಟ್ಟದ್ದು ನಮ್ಮವಳ ಲೆಕ್ಕವನ್ನೇ ಎಂದೂ ನಾನು ವಿವರಿಸುವಾಗ ಎಲ್ಲರ ಬಾಯಲ್ಲೂ ಬೆಲ್ಲವಿತ್ತು.

ಅಕ್ಕ ಸಿಡುಕಿದಳು: “ಕಡಿಮೆ ಹೊಡೆದೋರು ಗೆಲ್ಲೋದಾದ್ರೆ, ಹೊಡೀದೇ ಮನೇಲಿ ಕೂತಿರೋ ನಾನೇ ಗೆದ್ದೆ ಅನ್ನು!”

ಎರಡನೆಯ ದಿನವೂ ನಮ್ಮವಳದನ್ನೇ ಕೈಬಿಟ್ಟರು, ಮೂರನೆಯ ದಿನವೂ. ಅಕ್ಕ ಅಟ್ಟದ ಏಣಿಯನ್ನೊಮ್ಮೆ ನೋಡಿ ಒಳಗೆ ಹೋದಳು.

ಇಲಿಯ ಸಾಕ್ಷ್ಯ

ನಾಲ್ಕನೆಯ ಸಂಜೆ ಹುಡುಗಿಯೇ ಫೋನು ಮಾಡಿದಳು. “ಅಜ್ಜಿ, ಇವತ್ತು ನನ್ನ ಲೆಕ್ಕ ಹಿಡಿದರು! ಮೂರನೆಯವಳಿಗಿಂತ ಒಂದೇ ಒಂದು ಹೊಡೆತ ಕಡಿಮೆ!”

ತಂಡ ಎಷ್ಟನೆಯದಾಯಿತೆಂದು ಅಕ್ಕ ಕೇಳಲಿಲ್ಲ. “ಅಂಗಾದ್ರೆ ಬತ್ತೀಯಾ?”

“ಬರ್ತೀನಿ ಅಜ್ಜಿ… ಇನ್ನೂ ಒಂದು ಪಂದ್ಯ ಇದೆ. ಅದೂ ಅಲ್ಲದೆ ನಿನ್ನ ಚೆಂಡು ಇನ್ನೂ ಬಲಿತಿಲ್ಲವಲ್ಲ?”

ತಮಾಷೆಯ ಮರೆಯಲ್ಲಿ ನೆಪವಿತ್ತು. ಅಕ್ಕ ನನ್ನ ಕೈಗೆ ಫೋನು ಕೊಟ್ಟು, “ಇಡಬೇಡ ಕಣೋ, ಹಿಡಕೊಂಡಿರು,” ಎಂದು ಕಾಯಿ ಕೆಡವುವಾತನನ್ನು ಅಟ್ಟಕ್ಕೆ ಹತ್ತಿಸಿದಳು. ವರ್ಷ ತುಂಬದೆ ಅಟ್ಟದಿಂದ ಒಂದು ಕಾಯಿಯನ್ನೂ ಇಳಿಸಗೊಡದವಳು ಅವಳು. ಸಾವಿರಾರು ಕಾಯಿಗಳ ನಡುವೆ ಅವನು ತಡಕಿದ ಸದ್ದು ಫೋನಿನ ಆ ತುದಿಗೂ ಕೇಳಿಸಿರಬೇಕು.

“ಸಿಕ್ತು ಅಮ್ಮಾರೇ! ಆದ್ರೆ ಇಲಿ ಕಡಿದ್ಬುಟ್ಟದೆ.”

ಚೆಂಡಿನ ಒಂದು ಮಗ್ಗುಲಲ್ಲಿ ಹಲ್ಲಿನ ಗುರುತುಗಳು ಸ್ಪಷ್ಟವಾಗಿದ್ದವು. ಅಕ್ಕ ಅದನ್ನು ಬೆಳಕಿಗೆ ಹಿಡಿದು ನೋಡಿ, ಫೋನನ್ನು ಕಸಿದುಕೊಂಡಳು.

“ಕೇಳೇ ಇಲ್ಲಿ. ನಮ್ಮಟ್ಟದ ಇಲಿ ಹಸಿ ಕಾಯಿಗೆ ಬಾಯಿ ಹಾಕಲ್ಲ. ನಿನ್ನ ಚೆಂಡಿಗೆ ಹಲ್ಲಿಟ್ಟದೆ. ಬಲಿತದೆ ಅಂತ ಇಲೀನೇ ಹೇಳಿದ್ಮೇಲೆ ನಿಂದೇನೇ ತಕರಾರು? ಬಾ!”

ಆ ಕಡೆಯಿಂದ ಮೊದಲು ನಗು ಕೇಳಿಸಿತು. ಆಮೇಲೆ ಮೂಗು ಸೀಟಿದ ಸದ್ದು.

ತಂಡಕ್ಕೆ ಪದಕ ಬರಲಿಲ್ಲ. ಹುಡುಗಿ ಕಾರ್ತಿಕದಲ್ಲಿ ಬಂದು ಒಂಬತ್ತು ದಿನ ಇದ್ದಳು. ಅವಳು ಹೊರಟ ಮಧ್ಯಾಹ್ನ ಅಕ್ಕ ಚೆಂಡನ್ನು ಮತ್ತೆ ಅಟ್ಟಕ್ಕೆ ಹಾಕಿಸಿದಳು. ಕಾಯಿಗಳ ಕಾವಲಿಗೆ ಅಲ್ಲಿಟ್ಟಿದ್ದ ಇಲಿಯ ಬೋನನ್ನು ತೆಗೆಸಿದಳು.