ನಮ್ಮ ಜಗಲಿ ದುಂಡಗಿದೆ

ಬೆಳಿಗ್ಗೆ ನೀರು ಹಿಡಿದೆ. ರಾಗಿ ಆರಿಸಿ ಮಿಲ್ಲಿಗೆ ಕಳಿಸಿದೆ. ರೇಷನ್ ಸಾಲಿನಲ್ಲಿ ನಿಂತು ಸಕ್ಕರೆ ತಂದೆ. ಲಾಂದ್ರದ ಗಾಜು ಒರೆಸಿದೆ. ಅಣ್ಣನ ಪಂಚೆಯ ಮೇಲಿದ್ದ ಎಂಟು ತಿಂಗಳ ಹಳೆಯ ಕೆಂಪು ಶಾಯಿಗೆ ಇವತ್ತೂ ನಿಂಬೆಹೋಳು ಉಜ್ಜಿದೆ, ಇವತ್ತೂ ಹೋಗಲಿಲ್ಲ. ಇಡೀ ನಜರ್‌ಬಾದಿನಲ್ಲಿ ಪಂಚೆಗೆ ಕೆಂಪು ಶಾಯಿ ಮೆತ್ತಿಕೊಳ್ಳುವ ಗಂಡಸು ಒಬ್ಬನೇ. ಅವನು ನನಗೇ ಅಣ್ಣನಾಗಬೇಕೆ!

ಮೂವತ್ತು ವರ್ಷ ಹೈಸ್ಕೂಲಿನಲ್ಲಿ ಇಂಗ್ಲಿಷಿನಲ್ಲೇ ಜಾಮಿಟ್ರಿ ಹೇಳಿಕೊಟ್ಟು ರಿಟೈರಾದವನು. ಕನ್ನಡದಲ್ಲಿ ನೀವು ದೋಸೆಯನ್ನು ಚೌಕ ಎಂದರೂ ಚಟ್ನಿ ಹಚ್ಚಿಕೊಂಡು ತಿನ್ನುತ್ತಾನೆ. ಇಂಗ್ಲಿಷಿನಲ್ಲಿ ಬರೆದಿರೋ, ಕೆಟ್ಟಿರಿ!

ಒಮ್ಮೆ ಬೀದಿಯ ನಲ್ಲಿ ಕೆಟ್ಟಿತು. ಎದುರುಮನೆ ನಿಂಗಮ್ಮ ಬಂದಳು. "ಮೇಷ್ಟ್ರೇ, ಇಂಗ್ಲಿಷಲ್ಲಿ ಒಂದ್ ಅರ್ಜಿ ಗೀಚ್ಕೊಡಿ. ಸರ್ಕಲ್ ಹತ್ರದ ನಲ್ಲಿ ಅಂತ ಹಾಕ್ಬುಡಿ."

"ಅದು ಸರ್ಕಲ್ಲು ಅಂತ ನಿಂಗ್ಯಾರಮ್ಮ ಹೇಳಿದ್ದು?"

"ಎಲ್ರೂ ಅಂಗೇ ಅಂತಾರಲ್ಲ ಕಣ್ರೀ!"

ಅಣ್ಣ ನನ್ನ ಬಟ್ಟೆ ಒಣಹಾಕುವ ಹಗ್ಗ ಬಿಚ್ಚಿಕೊಂಡು ಹೋದ. ಮಟಮಟ ಮಧ್ಯಾಹ್ನ, ಟಾಂಗಾಗಳ ನಡುವೆ ನಿಂತು ಆ ಕಡೆಯಿಂದ ಈ ಕಡೆಗೆ, ಈ ಕಡೆಯಿಂದ ಆ ಕಡೆಗೆ ಅಳೆದ. ಒಂದು ಕಡೆ ಉದ್ದ, ಇನ್ನೊಂದು ಕಡೆ ಗಿಡ್ಡ! ಅರ್ಜಿಯಲ್ಲಿ 'ಎಲಿಪ್ಸಿನ ಹತ್ತಿರದ ನಲ್ಲಿ' ಎಂದು ಬರೆದ. ಎಲಿಪ್ಸು ಅಂದರೆ ಮೊಟ್ಟೆಯಾಕಾರವಂತೆ. ಆಫೀಸಿನವರು ಮೈಸೂರಿನಲ್ಲೆಲ್ಲ ಎಲಿಪ್ಸು ಹುಡುಕಿದರೋ ಏನೋ! ಹದಿನೈದು ದಿನ ನಾವು ಪಕ್ಕದ ಬೀದಿಯಿಂದ ನೀರು ಹೊತ್ತೆವು. ನಿಂಗಮ್ಮ ಕೊಡ ಇಳಿಸಿದಾಗಲೆಲ್ಲ ಅಣ್ಣನ ಜನ್ಮ ಜಾಲಾಡುತ್ತಿದ್ದಳು.

ಇಂಥವನಿಗೆ ಸ್ನೇಹಿತರು ಎಷ್ಟು ಮಂದಿ ಉಳಿದಾರು, ಹೇಳಿ? ಒಬ್ಬರೇ. ಅದೇ ಸ್ಕೂಲಿನ ಇಂಗ್ಲಿಷ್ ಮೇಷ್ಟ್ರು, ಚರ್ಚಿನ ಹಿಂದಿನ ಬೀದಿಯವರು. ಇಪ್ಪತ್ತು ವರ್ಷ ಸಂಜೆ ಐದಕ್ಕೆ ಸರಿಯಾಗಿ ಬಂದು ನಮ್ಮ ಜಗಲಿಯ ಮೇಲೆ ಕಾಫಿ ಕುಡಿದವರು. ರಿಟೈರಾದ ಮೇಲೆ ಹೆಂಡತಿಯನ್ನು ಕರೆದುಕೊಂಡು ಕೋಲಾರದ ಕಡೆ ಮಗಳ ಊರಿಗೆ ಹೋದರು. ಆಮೇಲೆ ಶುರುವಾಯಿತು ಕಾಗದದ ಆಟ. ಅಣ್ಣ ಬರೆದ ಕಾಗದದ ಇಂಗ್ಲಿಷನ್ನು ಅವರು ಕೆಂಪು ಶಾಯಿಯಲ್ಲಿ ತಿದ್ದಿ ವಾಪಸ್ಸು ಕಳಿಸುವುದು, ಅವರು ಬರೆದದ್ದರ ಜಾಮಿಟ್ರಿಯನ್ನು ಅಣ್ಣ ತಿದ್ದಿ ಕಳಿಸುವುದು. ಕ್ಷೇಮಸಮಾಚಾರವೆಲ್ಲ ಅಂಚಿನಲ್ಲಿ! ಇಬ್ಬರು ಮುದುಕರು ಹೀಗೆ ಅಂಚೆಯವನ ಚಪ್ಪಲಿ ಸವೆಸಿದರು.

ಎಂಟು ತಿಂಗಳ ಹಿಂದೆ ಒಂದು ಕಾಗದ ಬಂತು. ಅಣ್ಣ ಎಂದಿನಂತೆ ಕನ್ನಡದಲ್ಲಿ ಓದಿ ಹೇಳಿದ. 'ನನ್ನಾಕೆ ಹೋದಳು. ಈ ಚೌಕದ ಕೋಣೆಯಲ್ಲಿ ಒಬ್ಬನೇ ಸುತ್ತುತ್ತಿದ್ದೇನೆ.' ನಾನು ಸೆರಗಿನಿಂದ ಕಣ್ಣೊರೆಸಿಕೊಂಡು ಒಳಗೆ ಹೋದೆ. ವಾಪಸ್ಸು ಬರುವಷ್ಟರಲ್ಲಿ ಅಣ್ಣ ಅದನ್ನು ತಿದ್ದಿ ಅಂಚೆಗೆ ಹಾಕಿಬಂದಿದ್ದ. ನೀವೇ ಹಿಂದೆ ಬರೆದಂತೆ ಹನ್ನೆರಡು ಅಡಿಗೆ ಒಂಬತ್ತಡಿ ಕೋಣೆ, ಅದು ಚೌಕವಲ್ಲ, ಆಯತ, ಎಂದು!

"ಹೆಂಡ್ತಿ ತೀರ್ಕೊಂಡ್ರು ಅಂತ ಬರ್ದಿದ್ರಲ್ಲ ಅಣ್ಣಾ, ಅದಕ್ಕೇನ್ ಬರ್ದೆ?"

ಅಣ್ಣ ಶಾಯಿಬುಡ್ಡಿ ಎತ್ತಿಡಲು ಹೋದ. ಅದು ವಾಲಿ ಪಂಚೆಯ ಮೇಲೆ ಚೆಲ್ಲಿತು.

"ಅದ್ರಲ್ಲಿ ತಪ್ಪಿರ್ಲಿಲ್ಲ ಕಣಮ್ಮ."

ಆಮೇಲೆ ಅವರಿಂದ ಕಾಗದವಿಲ್ಲ. ಅಣ್ಣ ಬರೆದ, ಹರಿದ, ಬರೆದ, ಹರಿದ. ಒಲೆ ಹೊತ್ತಿಸಲು ನನಗೆ ಕಾಗದಕ್ಕೆ ಬರವಿರಲಿಲ್ಲ. ಐದು ಗಂಟೆಗೆ ಎರಡು ಲೋಟ ಕಾಫಿ ಕೇಳುತ್ತಿದ್ದ. ಎರಡನೆಯದು ಆರಿದ ಮೇಲೆ ತಾನೇ ಕುಡಿಯುತ್ತಿದ್ದ. ನಾನು ಮಲಗಿದ ಮೇಲೂ ಜಗಲಿಯ ಮೇಲೆ ಅವನ ಹೆಜ್ಜೆ.

ಹೋದ ವಾರ ಒಂದು ಕಾಗದ ಪೂರ್ತಿಯಾಯಿತು. ಓದಿ ಹೇಳಿದ. 'ನಮ್ಮ ದುಂಡನೆಯ ಜಗಲಿ ಬರಿದಾಗಿದೆ.' ಅಷ್ಟೇ.

"ಅಣ್ಣಾ, ನಮ್ ಜಗಲಿ ಉದ್ದಕ್ಕದೆ ಅಲ್ವಾ?"

"ನಂಗೊತ್ತಿಲ್ವಾ? ಅಂಗೇ ಇರ್ಲಿ ಬುಡು."

ಇವತ್ತು ಮಧ್ಯಾಹ್ನ ಅದೇ ಕಾಗದ ವಾಪಸ್ಸು ಬಂತು. 'ದುಂಡನೆಯ' ಎಂಬಲ್ಲಿ ಕೆಂಪು ಗೆರೆ. ಅಂಚಿನಲ್ಲಿ, 'ಇಪ್ಪತ್ತು ವರ್ಷ ಕೂತ ಜಗಲಿ, ನನಗೆ ಗೊತ್ತಿಲ್ಲವೇ? ಅದು ಆಯತ. ನಿಮಗೆ ಮೈ ಹುಷಾರಿಲ್ಲವೇ? ಭಾನುವಾರ ಬರುತ್ತೇನೆ.'

ಅಣ್ಣ ಅದನ್ನು ನಾಲ್ಕು ಸಲ ಓದಿದ. ಆಮೇಲೆ ಪೊರಕೆ ಹಿಡಿದು ತಾನೇ ಜಗಲಿ ಗುಡಿಸಿದ.

ರಾತ್ರಿ ಮುದ್ದೆ, ಹುರುಳಿಕಾಳಿನ ಬಸ್ಸಾರು. ಅಣ್ಣ ಇನ್ನೊಂದು ಅರ್ಧ ಮುದ್ದೆ ಕೇಳಿ ಹಾಕಿಸಿಕೊಂಡ. ನಾನು ಪಾತ್ರೆ ತೊಳೆದು ಬರುವಷ್ಟರಲ್ಲಿ ಅವನಿಗೆ ನಿದ್ದೆ ಹತ್ತಿತ್ತು.