ಹಿಂದಲೆಯ ಮುಖ

ಸುಮ್ಮನಿರಲಾರದವರಿಗೆ ದೇವರು ಬೇರೆ ಶಿಕ್ಷೆ ಕೊಡಬೇಕಾಗಿಲ್ಲ. ಅವರೇ ಏನಾದರೊಂದು ತಯಾರಿಸಿಕೊಳ್ಳುತ್ತಾರೆ. ನಾನು ತಯಾರಿಸಿದ್ದು ಒಂದು ಡಬ್ಬಿ. ನಂಜನಗೂಡಿನಲ್ಲಿ ಸಿಸಿಟಿವಿ ಅಂಗಡಿ ಇಟ್ಟುಕೊಂಡಿರುವ ನನ್ನನ್ನು ತಿ. ನರಸೀಪುರದ ಕಡೆಯ ನಮ್ಮೂರಲ್ಲಿ ‘ಎಂಜಿನಿಯರ್ ಸಾ’ ಎನ್ನುತ್ತಾರೆ. ಓದಿದ್ದು ಡಿಪ್ಲೊಮಾ. ತಿದ್ದುವ ಗೋಜಿಗೆ ಹೋಗಿಲ್ಲ.

ಪಕ್ಕದೂರಿನಲ್ಲಿ ಚಿರತೆಯೊಂದು ಹಿತ್ತಿಲಲ್ಲಿದ್ದ ಹೆಂಗಸನ್ನು ಎಳೆದುಕೊಂಡು ಹೋಯಿತು. ಸಿಕ್ಕಷ್ಟನ್ನು ಬಟ್ಟೆಯಲ್ಲಿ ಕಟ್ಟಿ ತಂದರು. ಆಮೇಲೆ ಕಬ್ಬಿನ ಗದ್ದೆ ಅಂದರೆ ಊರಿಗೆ ಊರೇ ನಡುಗುತ್ತಿತ್ತು. ಆದರೆ ಹಸುವಿಗೆ ಚಿರತೆಯ ಸುದ್ದಿ ಹೇಳಿ ಹೊಟ್ಟೆ ತುಂಬಿಸಲಾಗದಲ್ಲ. ನನ್ನ ಹೆಂಡತಿ ಪುಟ್ಟತಾಯಿ ಹುಲ್ಲಿಗೆ ಹೋಗಲೇಬೇಕು. ಅವಳಿಗೇನಾದರೂ ಆದರೆ ಎಂಬ ಭಯಕ್ಕೆ ಊರಂಚಿನಲ್ಲಿ ಕಂಬ ನೆಟ್ಟು, ಗದ್ದೆಯತ್ತ ನೋಡುವಂತೆ ಒಂದು ಕ್ಯಾಮೆರಾ, ಅದರ ಹಿಂದೆ ಅಂಗೈಯಗಲದ ಕಂಪ್ಯೂಟರ್ ಬೋರ್ಡಿರುವ ಡಬ್ಬಿ ಕೂರಿಸಿದೆ. ಯಾರು ಹೋದರು, ಯಾರು ಬಂದರು ಎಂದು ಅದು ಕಣ್ಣಿಟ್ಟು ನನ್ನ ಫೋನಿಗೆ ತಿಳಿಸಬೇಕು. ಹೋದವರು ಹೊತ್ತಾದರೂ ಬರದಿದ್ದರೆ ಸೈರನ್ ಕೂಗಬೇಕು. ಆ ಬಡಪಾಯಿ ಬೋರ್ಡಿಗೆ ವಿಡಿಯೋದ ಪ್ರತಿ ಚಿತ್ರವನ್ನೂ ನೋಡುವ ತ್ರಾಣವಿಲ್ಲ. ಬಿಸಿಲೇರಿದರೆ ಏದುಸಿರು ಬಿಡುತ್ತದೆ. ಅದಕ್ಕೊಂದು ಒಳದಾರಿ ಕಲಿಸಿದೆ: ಆಳು ಎಲ್ಲಿಂದ ಎಲ್ಲಿಗೆ ನಡೆದ ಎಂದು ತಲೆ ಕೆಡಿಸಿಕೊಳ್ಳಬೇಡ, ಬೆನ್ನು ಕಂಡರೆ ಹೋಗುತ್ತಿದ್ದಾನೆ, ಮುಖ ಕಂಡರೆ ಬರುತ್ತಿದ್ದಾನೆ ಅಂದುಕೋ. ಬೋರ್ಡು ತಣ್ಣಗಾಯಿತು. ನನ್ನ ಬುದ್ಧಿಗೆ ನಾನೇ ತಲೆದೂಗಿದೆ.

ಅಷ್ಟರಲ್ಲಿ ಊರಿಗೆ ಅರಣ್ಯ ಇಲಾಖೆಯವರು ಹಂಚಿದ ಮುಖವಾಡಗಳು ಬಂದವು. ಚಿರತೆ ಹಿಂದಿನಿಂದ ಮೇಲೆ ಬೀಳುತ್ತದೆ. ಹಿಂದಲೆಗೊಂದು ಮುಖ ಕಟ್ಟಿಕೊಂಡರೆ ತನ್ನನ್ನೇ ನೋಡುತ್ತಿದ್ದಾರೆಂದು ಹೆದರುತ್ತದಂತೆ. ಭಾನುವಾರ ಬೆಳಿಗ್ಗೆ ಪುಟ್ಟತಾಯಿ ಜಡೆಯ ಮೇಲೆ ಮೀಸೆಯ ಮುಖವೊಂದನ್ನು ಕಟ್ಟಿಕೊಂಡಾಗ ಹೊಟ್ಟೆ ಹುಣ್ಣಾಗುವಷ್ಟು ನಕ್ಕೆ. “ನಗಿ, ನಗಿ,” ಎನ್ನುತ್ತ ಅವಳು ಕುಡುಗೋಲು ಹಿಡಿದು, ನಾಯಿ ಕರಿಯನನ್ನು ಕರೆದುಕೊಂಡು ಹೊರಟಳು. ಸ್ವಲ್ಪ ಹೊತ್ತಿಗೆ ಫೋನು ಕುಂಯ್ ಎಂದಿತು: ಒಬ್ಬರು ವಾಪಸು, ಗದ್ದೆಯಲ್ಲಿ ಯಾರೂ ಇಲ್ಲ. ಇಷ್ಟು ಬೇಗ ಬಂದಳಲ್ಲ, ಕೊಟ್ಟಿಗೆಯಲ್ಲಿರಬೇಕು ಎಂದುಕೊಂಡು ಪೇಪರು ಬಿಡಿಸಿದೆ. ರಾಶಿಫಲ ಓದುತ್ತಿದ್ದಾಗ ಅವಳ ಫೋನು ಬಂತು. ಪಿಸುಮಾತು.

“ಏನೂಂದ್ರೆ, ಪಂಪ್‌ಸೆಟ್ ಮನೇಲಿ ಇವ್ನಿ. ಬಾಗ್ಲು ಆಕ್ಕಂಡಿವ್ನಿ. ಚಿರ್ತೆ ಆಚೇನೇ ಕುಂತದೆ, ನಮ್ ಕರಿಯನ್ನ ತಿಂತಾ ಅದೆ.”

ನಾನು ಏನು ಹೇಳಬೇಕಿತ್ತು? ಹೇಳಿದ್ದು ಇದು: “ಇಲ್ಲ ಕಣೇ, ನೀನು ಬಂದಾಯ್ತಲ್ಲ. ಇಲ್ಲಿ ತೋರಿಸ್ತಾ ಇದೆ.”

“ಅಂಗಾದ್ರೆ ಬಂದಿರೋಳ್ಗೇ ಯೋಳಿ, ಜನ ಕರ್ಕಂಡು ಬರ್ಲಿ.”

ಆಮೇಲೆ ಓಡಿದೆ. ಎಷ್ಟು ಕೂಗಿದೆನೋ ಗೊತ್ತಿಲ್ಲ; ಪಟಾಕಿ, ತಮಟೆ, ದೊಣ್ಣೆ ಹಿಡಿದು ಊರೇ ನನ್ನ ಹಿಂದೆ ಬಂತು. ಪ್ರಾಣಿ ಕಬ್ಬಿನೊಳಕ್ಕೆ ಸರಿದು ಹೋಯಿತು. ಕರಿಯನ ಕೊರಳಪಟ್ಟಿ ಬಾಗಿಲಲ್ಲಿ ಬಿದ್ದಿತ್ತು. ಪುಟ್ಟತಾಯಿ ಹೊರಬಂದು, ನನ್ನ ಮುಖ ನೋಡದೆ, ಅದನ್ನು ಸೆರಗಿನಲ್ಲಿ ಸುತ್ತಿಕೊಂಡಳು. ನಾನು ಅಲ್ಲೇ ಬದುವಿನ ಮೇಲೆ ಕೂತು ಅತ್ತೆ.

ಡಬ್ಬಿಯನ್ನು ಸರಿಪಡಿಸಿದ್ದೇನೆ. ಅಂದು ಜಡೆಯ ಮೇಲಿನ ಮೀಸೆಯ ಮುಖ ಕಂಡು, ಹೋಗುತ್ತಿದ್ದವಳನ್ನು ಬಂದಳೆಂದಿತ್ತು. ಈಗದು ಮುಖ ನಂಬುವುದಿಲ್ಲ, ನಡೆದ ದಾರಿ ನೋಡಿ ಹೇಳುತ್ತದೆ. ನಿಧಾನ, ಆದರೆ ಸರಿ. ಊರವರು ಮೆಚ್ಚಿದ್ದಾರೆ, ಅಕ್ಕಪಕ್ಕದ ಊರಿನವರೂ ಬೇಕೆನ್ನುತ್ತಿದ್ದಾರೆ. ಪುಟ್ಟತಾಯಿ ಮಾತ್ರ, ನಾನು ಜಗುಲಿಯಲ್ಲೇ ಕೂತಿದ್ದರೂ, ನನ್ನನ್ನು ದಾಟಿಕೊಂಡು ಪಕ್ಕದ ಮನೆಯ ಬಾಗಿಲಿಗೆ ಹೋಗುತ್ತಾಳೆ.

“ಸಿದ್ದಕ್ಕ, ಗದ್ದೆಗೆ ಓಯ್ತಾ ಇವ್ನಿ. ಬರ್ನಿಲ್ಲಾಂದ್ರೆ ನೀನೇ ಉಡುಕವ್ವ.”